ಬೆಟ್ಟದಲ್ಲಿ ಮಂಜಿಗಾಗಿ ಕಾಯುವುದಾದರೆ ಎಲ್ಲಿ ಕಾಯಬೇಕು?

ಮಂಜು ಮುಸುಕಿದ ಬೆಟ್ಟದ ಫೋಟೊ ತೆಗೆಯಬೇಕು ಅಂತ ಹೊರಡುವವರು ಮೊದಲು ಕೇಳುವುದು ಸಾಮಾನಿನ ಬಗ್ಗೆ. ಯಾವ ಲೆನ್ಸ್ ಒಯ್ಯಲಿ, ಫೋನ್ ಸಾಕಾ, ಟ್ರೈಪಾಡ್ ಬೇಕೇ ಬೇಕಾ? ನನ್ನ ಪ್ರಕಾರ ಇವೆಲ್ಲ ಆಮೇಲಿನ ಪ್ರಶ್ನೆಗಳು. ಎಲ್ಲಿ ನಿಂತು ಕಾಯುತ್ತೀರಿ ಅನ್ನುವುದು ಮೊದಲು ತೀರ್ಮಾನ ಆಗಬೇಕು. ಲೆನ್ಸ್ ಬದಲಿಸಲು ಅರ್ಧ ನಿಮಿಷ ಸಾಕು. ಇನ್ನೂ 300 ಮೀಟರ್ ಮೇಲೆ ಹೋಗಬೇಕಿತ್ತು ಅಂತ ಅನ್ನಿಸಿದರೆ ಮುಕ್ಕಾಲು ಗಂಟೆಯಾದರೂ ಹತ್ತಬೇಕು. ಅಷ್ಟರಲ್ಲಿ ಬೆಳಕು ಹೋಗಿರುತ್ತದೆ. ಎಷ್ಟೋ ಸಲ ಮಂಜೂ ಹೋಗಿರುತ್ತದೆ.

ಆಯ್ಕೆಗಳು ಮುಖ್ಯವಾಗಿ ನಾಲ್ಕು. ತುದಿಗೆ ಹೋಗಿ ಕೆಳಗೆ ಹರಡಿದ ಮಂಜನ್ನು ತೆಗೆಯುವುದು. ಇಳಿಜಾರಿನ ನಡುವೆ, ಮಂಜಿನ ಅಂಚು ಓಡಾಡುವ ಎತ್ತರದಲ್ಲಿ ಕಾಯುವುದು. ಮಂಜಿನ ಒಳಗೇ, ಮರಗಳ ನಡುವೆ ನಿಲ್ಲುವುದು. ಕೊನೆಯದು, ಮಳೆ ನಿಂತ ಕೂಡಲೇ ಎದುರು ಬೆಟ್ಟಕ್ಕೆ ಕ್ಯಾಮೆರಾ ತಿರುಗಿಸುವುದು. ನಾಲ್ಕರಲ್ಲೂ ಒಳ್ಳೆಯ ಚಿತ್ರ ಸಿಗುತ್ತದೆ. ಆದರೆ ಒಂದೊಂದು ನಿಮ್ಮಿಂದ ಒಂದೊಂದನ್ನು ಕೇಳುತ್ತದೆ.

ಯಾವುದನ್ನು ನೋಡಿ ಆರಿಸಬೇಕು

ನಾನು ಐದು ಸಂಗತಿ ನೋಡುತ್ತೇನೆ. ಆ ದಿನ ಬರಬಹುದಾದ ಮಂಜು ಯಾವ ಬಗೆಯದು? ಅದು ಸಿಗುವ ಸಾಧ್ಯತೆ ಎಷ್ಟು? ಕಾಯಲು ಎಷ್ಟು ನಿದ್ದೆ ಬಿಡಬೇಕು, ಎಷ್ಟು ಚಳಿ ತಡೆಯಬೇಕು, ಕತ್ತಲಲ್ಲಿ ಎಷ್ಟು ನಡೆಯಬೇಕು? ಯಾವ ಸಾಮಾನು ಬೇಕು? ಮಂಜು ಕೈಕೊಟ್ಟರೆ ಬರಿಗೈಯಲ್ಲಿ ವಾಪಸ್ ಬರಬೇಕಾ, ಬೇರೇನಾದರೂ ಸಿಗುತ್ತದಾ? ಈ ಕೊನೆಯದನ್ನು ಹೆಚ್ಚಿನವರು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಮಂಜು ಕೈಕೊಡುವ ದಿನಗಳೇ ಜಾಸ್ತಿ, ಹಾಗಾಗಿ ನನಗೆ ಅದು ದೊಡ್ಡ ವಿಷಯ.

ಮಂಜಿನ ಬಗೆ ಗೊತ್ತಿಲ್ಲದೆ ಉಳಿದ ನಾಲ್ಕನ್ನು ತೂಗಲು ಆಗುವುದಿಲ್ಲ. ಅದನ್ನು ಮೊದಲು ನೋಡಿಬಿಡೋಣ.

ಒಂದು, ಕಣಿವೆಯ ಮಂಜು. ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ಇಳಿಜಾರಿನಲ್ಲಿ ಜಾರಿ ಕಣಿವೆಯ ತಳ ಸೇರುತ್ತದೆ. ಅಲ್ಲಿ ಸಾಕಷ್ಟು ತೇವ ಇದ್ದರೆ ಹನಿಗಟ್ಟುತ್ತದೆ. ಮೇಲಿನ ಗಾಳಿ ಕೆಳಗಿನದಕ್ಕಿಂತ ಬೆಚ್ಚಗಿರುವುದರಿಂದ ಅದು ಮುಚ್ಚಳದ ಕೆಲಸ ಮಾಡುತ್ತದೆ, ಮಂಜು ಕೆಳಗೇ ಉಳಿಯುತ್ತದೆ. ಇದಕ್ಕೆ ಶುಭ್ರ ಆಕಾಶ, ಒದ್ದೆ ನೆಲ, ಗಂಟೆಗೆ 10 ಕಿ.ಮೀ.ಗಿಂತ ಕಡಿಮೆ ಗಾಳಿ ಬೇಕು. ಗಾಳಿ ಪೂರ್ತಿ ನಿಂತುಹೋದರೆ ಬರೀ ಇಬ್ಬನಿ ಬಿದ್ದು ಮುಗಿಯಬಹುದು, ಒಂಚೂರು ಅಲುಗಾಟ ಇರಬೇಕು. ಹಿಂದಿನ ದಿನ ಮಳೆ ಬಂದು ರಾತ್ರಿ ಆಕಾಶ ತೆರೆದರೆ ಅದೇ ಒಳ್ಳೆಯ ಸೂಚನೆ. ಬೆಳಗಿನ ಜಾವ ದಟ್ಟವಾಗುತ್ತದೆ. ಸೂರ್ಯ ಹುಟ್ಟಿ ಒಂದೆರಡು ಗಂಟೆಯಲ್ಲಿ ಕರಗಲು ಶುರುವಾಗುತ್ತದೆ. ಚಳಿಗಾಲದ ಆಳ ಕಣಿವೆಗಳಲ್ಲಿ ದಿನವಿಡೀ ಕೂತಿರುವುದೂ ಉಂಟು.

ಎರಡು, ಇಳಿಜಾರು ಹತ್ತುವ ಮಂಜು. ತೇವದ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರುತ್ತದೆ. ಏರುತ್ತ ಏರುತ್ತ ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿಯಂತೆ ತಣ್ಣಗಾಗುತ್ತದೆ, ಒಂದು ಎತ್ತರದಲ್ಲಿ ಮೋಡವಾಗುತ್ತದೆ. ತಪ್ಪಲಿನಲ್ಲಿ ಇರುವವರಿಗೆ ಅದು ಬೆಟ್ಟದ ತಲೆಯ ಮೇಲಿನ ಮೋಡ. ಅಲ್ಲೇ ನಿಂತವರಿಗೆ ಮಂಜು. ಇದಕ್ಕೆ ಗಾಳಿ ಬೇಕು. ಬೆಳಗು ಮಧ್ಯಾಹ್ನ ಅನ್ನುವ ಭೇದ ಇಲ್ಲ, ಗಾಳಿ ಬೀಸುವಷ್ಟು ಹೊತ್ತು, ಕೆಲವೊಮ್ಮೆ ದಿನಗಟ್ಟಲೆ ಇರುತ್ತದೆ.

ಮೂರು, ಮಳೆ ನಿಂತ ಮೇಲೆ ಕಾಡಿನಿಂದ ಏಳುವ ತುಂಡು ಮಂಜು. ಒದ್ದೆ ಎಲೆ, ಒದ್ದೆ ನೆಲದಿಂದ ತೇವ ಮೇಲೆದ್ದು ತಂಪು ಗಾಳಿಯಲ್ಲಿ ಮತ್ತೆ ಹನಿಗಟ್ಟುತ್ತದೆ. ಬೇಗ ಬರುತ್ತದೆ, ಬೇಗ ಹೋಗುತ್ತದೆ.

ಮುನ್ಸೂಚನೆ ನೋಡುವಾಗ ಮಂಜಿನ ಚಿಹ್ನೆಯನ್ನು ಮಾತ್ರ ನಂಬಬೇಡಿ. ಹವಾಮಾನದವರ ಲೆಕ್ಕದಲ್ಲಿ ಕಣ್ಣಿಗೆ ಕಾಣುವ ದೂರ 1 ಕಿ.ಮೀ.ಗಿಂತ ಕಡಿಮೆಯಾದರೆ ಮಾತ್ರ ಅದು ಮಂಜು. ನಾಲ್ಕೈದು ಬೆಟ್ಟದ ಸಾಲುಗಳು ಒಂದರ ಹಿಂದೆ ಒಂದು ತೆಳುವಾಗುತ್ತ ಹೋಗುವ ಚಿತ್ರಕ್ಕೆ ಅಷ್ಟು ದಟ್ಟ ಮಂಜು ಬೇಕಾಗಿಯೇ ಇಲ್ಲ. ಅಂಥ ದಿನ ಆ್ಯಪ್‌ನಲ್ಲಿ ಸುಮ್ನೆ ಬಿಸಿಲಿನ ಚಿಹ್ನೆ ಇರುತ್ತದೆ. ನಾನು ನೋಡುವುದು ಗಾಳಿಯ ವೇಗ, ಕೆಳಮಟ್ಟದ ಮೋಡ, ಉಷ್ಣಾಂಶ ಮತ್ತು ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ಉಷ್ಣಾಂಶ). ಕೊನೆಯ ಎರಡರ ನಡುವಿನ ಅಂತರ ಎರಡೂವರೆ ಡಿಗ್ರಿಗಿಂತ ಕಡಿಮೆಯಾದರೆ ಮಂಜಿನ ಸಾಧ್ಯತೆ ಚೆನ್ನಾಗಿದೆ ಅಂತ ಅರ್ಥ.

ಇದೇ ಅಂತರದಿಂದ ಇನ್ನೊಂದು ಲೆಕ್ಕವೂ ಸಿಗುತ್ತದೆ. ಅದನ್ನು 125ರಿಂದ ಗುಣಿಸಿದರೆ ಮೋಡದ ತಳ ಎಷ್ಟು ಮೀಟರ್ ಮೇಲಿದೆ ಅನ್ನುವ ಅಂದಾಜು ಬರುತ್ತದೆ. ತಪ್ಪಲಿನಲ್ಲಿ ಉಷ್ಣಾಂಶ 20, ಡ್ಯೂ ಪಾಯಿಂಟ್ 16 ಅಂದುಕೊಳ್ಳಿ. ಅಂತರ 4. ಮೋಡದ ತಳ ತಪ್ಪಲಿನಿಂದ ಸುಮಾರು 500 ಮೀಟರ್ ಮೇಲೆ. ನೀವು ಹೋಗುವ ಜಾಗ 700 ಮೀಟರ್ ಮೇಲಿದ್ದರೆ ಬಿಳಿ ಗೋಡೆಯೊಳಗೆ ನಿಂತಿರುತ್ತೀರಿ. 450 ಮೀಟರಿನಲ್ಲಿದ್ದರೆ ತಲೆಯ ಮೇಲೆಯೇ ಅಂಚು ಕಾಣುತ್ತದೆ. ಗಾಳಿ ಬೀಸುವ ದಿನಕ್ಕೆ ಈ ಲೆಕ್ಕ ಹೊಂದುತ್ತದೆ. ಗಾಳಿಯಿಲ್ಲದ ಬೆಳಗಿನ ಜಾವದ ಕಣಿವೆ ಮಂಜಿಗೆ ಇದನ್ನು ಹಾಕಬೇಡಿ, ಅಲ್ಲಿ ಕೆಳಗಿನ ಗಾಳಿ ಮೇಲಿನದರ ಜೊತೆ ಬೆರೆತಿರುವುದೇ ಇಲ್ಲ.

ತುದಿ

ಎಲ್ಲರ ಮನಸ್ಸಿನಲ್ಲಿ ಇರುವ ಚಿತ್ರ ಇದೇ. ಕೆಳಗೆ ಬಿಳಿ ಹಾಸು, ಅದರಿಂದ ತಲೆ ಎತ್ತಿದ ಶಿಖರಗಳು, ಮೇಲೆ ನಸುಗೆಂಪು ಆಕಾಶ. ಕಣಿವೆಯ ಮಂಜು ಸರಿಯಾಗಿ ಕೂತ ದಿನ ಇದಕ್ಕೆ ಸಾಟಿ ಇಲ್ಲ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನ ನೀಲಿ ಬೆಳಕಿನಿಂದ ಹಿಡಿದು ಬಿಸಿಲು ಮಂಜಿನ ಮೇಲ್ಮೈಯನ್ನು ಸವರುವ ತನಕ ಬೆಳಕು ಬದಲಾಗುತ್ತಲೇ ಇರುತ್ತದೆ.

ಬೆಲೆಯೂ ಅಷ್ಟೇ ದುಬಾರಿ. ಸೂರ್ಯೋದಯಕ್ಕೆ ಒಂದು ಗಂಟೆ ಮೊದಲೇ ಮೇಲಿರಬೇಕು, ಅಂದರೆ ಕತ್ತಲಲ್ಲೇ ಹತ್ತಬೇಕು. ಬೆವರಿದ ಮೈಗೆ ತುದಿಯ ಗಾಳಿ ಬಡಿಯುತ್ತದೆ. ಮುಖ್ಯವಾದ ತೊಂದರೆ ಬೇರೆ: ತುದಿ ಒಂದೇ ಬಗೆಯ ಮಂಜಿಗೆ ಹೊಂದುವ ಜಾಗ. ಇಳಿಜಾರು ಹತ್ತುವ ಮಂಜು ಬಂದರೆ ನಿಮ್ಮ ಮುಂದೆ ಹತ್ತು ಅಡಿ ಬಿಟ್ಟು ಏನೂ ಕಾಣುವುದಿಲ್ಲ. ಕಣಿವೆಯ ಮಂಜು ತೀರಾ ತೆಳುವಾಗಿದ್ದರೆ ದೂರದಿಂದ ಕೊಳಕು ಬಟ್ಟೆ ಹಾಸಿದಂತೆ ಕಾಣುತ್ತದೆ.

ಎಲ್ಲಕ್ಕಿಂತ ಎತ್ತರದ ತುದಿಯೇ ಬೇಕು ಅನ್ನುವುದೂ ತಪ್ಪು ಲೆಕ್ಕ. ಕಣಿವೆಯ ಮಂಜು ಎಷ್ಟೋ ಸಲ ತಳದಿಂದ ನೂರಿನ್ನೂರು ಮೀಟರ್ ದಪ್ಪ ಮಾತ್ರ ಇರುತ್ತದೆ. ನೀವು 1,000 ಮೀಟರ್ ಮೇಲೆ ನಿಂತರೆ ಅದು ನಕ್ಷೆಯ ಹಾಗೆ ಚಪ್ಪಟೆಯಾಗಿ ಬಿದ್ದಿರುತ್ತದೆ. ಮಂಜಿನ ಮೇಲ್ಮೈಗಿಂತ ಸ್ವಲ್ಪವೇ ಎತ್ತರದ ದಿಬ್ಬದಲ್ಲಿ ನಿಂತರೆ ಅದರ ಅಲೆ, ಮಡಿಕೆ, ಮರಗಳ ತುದಿ ಎಲ್ಲ ಸಿಗುತ್ತದೆ.

ಮಂಜು ಬಾರದಿದ್ದರೆ? ಇಲ್ಲಿ ತುದಿಗೆ ಒಳ್ಳೆಯ ಅಂಕ. ಸೂರ್ಯೋದಯ ಇದ್ದೇ ಇದೆ, ದೂರದ ಸಾಲುಗಳಿವೆ. ಮಂಜಿನ ಕನಸು ಕೈಬಿಟ್ಟರೂ ಬೆಳಗು ವ್ಯರ್ಥವಾಗುವುದಿಲ್ಲ.

ತುದಿಯಲ್ಲಿ ಕಾಯುವವರು ಆಗಾಗ ಸೂರ್ಯನಿಗೆ ಬೆನ್ನು ಹಾಕಿ ನೋಡಬೇಕು. ಹಿಂದಿನಿಂದ ತಗ್ಗು ಬಿಸಿಲು, ಎದುರಿಗೆ ಮಂಜು ಇದ್ದರೆ ನಿಮ್ಮ ನೆರಳು ಮಂಜಿನ ಮೇಲೆ ದೈತ್ಯನಂತೆ ಬೀಳುತ್ತದೆ, ತಲೆಯ ಸುತ್ತ ಬಣ್ಣದ ಉಂಗುರ ಮೂಡುತ್ತದೆ. ಜರ್ಮನಿಯ ಬ್ರೋಕೆನ್ ಬೆಟ್ಟದಲ್ಲಿ ಇದನ್ನು ಕಂಡ ಯೋಹಾನ್ ಸಿಲ್ಬರ್‌ಶ್ಲಾಗ್ 1780ರಲ್ಲಿ ವರ್ಣಿಸಿದ. ಅಂದಿನಿಂದ ಅದಕ್ಕೆ ಬ್ರೋಕೆನ್ ಭೂತ ಎಂಬ ಹೆಸರು. ಕೆಲವು ಸಲ ಅದರಾಚೆ ಬಿಳಿ ಬಿಲ್ಲೂ ಕಾಣುತ್ತದೆ. ಕಾಮನಬಿಲ್ಲಿನಂಥದ್ದೇ, ಆದರೆ ಮಂಜಿನ ಹನಿ ತೀರಾ ಸಣ್ಣದಾದ್ದರಿಂದ ಬಣ್ಣಗಳು ಒಂದರೊಳಗೊಂದು ಕಲಸಿ ಬೆಳ್ಳಗಾಗಿರುತ್ತದೆ. ಎಲ್ಲರೂ ಸೂರ್ಯನ ಕಡೆಗೇ ಕ್ಯಾಮೆರಾ ಹಿಡಿದು ನಿಂತಿರುವಾಗ ಇದು ಬೆನ್ನ ಹಿಂದೆ ನಡೆದುಹೋಗುತ್ತದೆ.

ಇಳಿಜಾರಿನ ನಡು

ನನ್ನ ಒಲವು ಇದರ ಕಡೆಗೆ, ಅದನ್ನು ಮುಚ್ಚಿಡುವುದಿಲ್ಲ. ಕಾರಣ ಸರಳ. ಎರಡೂ ಬಗೆಯ ಮಂಜು ಯಾವುದಾದರೂ ಹೊತ್ತಿನಲ್ಲಿ ಈ ಎತ್ತರವನ್ನು ಹಾದುಹೋಗುತ್ತದೆ. ಕಣಿವೆಯ ಮಂಜು ಬಿಸಿಲೇರಿದಂತೆ ಸಡಿಲಗೊಂಡು ಇಳಿಜಾರಿಗುಂಟ ಮೇಲೆ ಬರುತ್ತದೆ. ಇಳಿಜಾರು ಹತ್ತುವ ಮಂಜಿನ ತಳ ಗಾಳಿ ಬದಲಾದಂತೆ ಕೆಳಗಿಳಿಯುತ್ತದೆ, ಮೇಲೇರುತ್ತದೆ. ಅಂಚು ನಿಮ್ಮನ್ನು ದಾಟುವ ಆ ಹತ್ತಿಪ್ಪತ್ತು ನಿಮಿಷದಲ್ಲಿ ಒಂದು ಮರ ಇದ್ದಕ್ಕಿದ್ದಂತೆ ಕಾಣುತ್ತದೆ, ಮಾಯವಾಗುತ್ತದೆ. ಸೂರ್ಯ ಬಿಳಿ ಬಿಲ್ಲೆಯಾಗುತ್ತಾನೆ. ಎದುರಿನ ಬೆಟ್ಟದ ಅರ್ಧ ಮಾತ್ರ ತೆರೆದುಕೊಳ್ಳುತ್ತದೆ.

ಅರ್ಧ ಮುಚ್ಚಿದ ಬೆಟ್ಟ ಪೂರ್ತಿ ಕಾಣುವ ಬೆಟ್ಟಕ್ಕಿಂತ ಎತ್ತರ ಅನ್ನಿಸುತ್ತದೆ. ಹಳೆಯ ಚೀನೀ ಚಿತ್ರಕಾರರಿಗೆ ಇದು ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು, ಬೆಟ್ಟದ ಸೊಂಟಕ್ಕೆ ಮಂಜು ಸುತ್ತಿಸಿ ಚಿತ್ರ ಬರೆಯುತ್ತಿದ್ದರು. ಆ ನೋಟ ತುದಿಯಿಂದ ಸಿಗುವುದಿಲ್ಲ, ಕಾಡಿನೊಳಗಿಂದಲೂ ಸಿಗುವುದಿಲ್ಲ.

ಜಾಗ ಆರಿಸುವುದರಲ್ಲಿ ಮಾತ್ರ ಎಚ್ಚರ ಬೇಕು. ಒಂದು ಬದಿ ಕಣಿವೆಯ ಕಡೆ ತೆರೆದಿರಬೇಕು. ಹತ್ತಿರದಲ್ಲಿ ಒಂಟಿ ಮರವೋ ಬಂಡೆಯೋ ಇರಬೇಕು. ಪೂರ್ತಿ ಮುಚ್ಚಿಕೊಂಡಾಗ ಕ್ಯಾಮೆರಾಕ್ಕೆ ಹಿಡಿಯಲು ಅಷ್ಟಾದರೂ ಉಳಿಯುತ್ತದೆ. ಎದುರು ಬೆಟ್ಟ ಒಂದೆರಡು ಕಿ.ಮೀ. ದೂರದೊಳಗಿದ್ದರೆ ಚೆನ್ನ. ಎಲ್ಲಕ್ಕಿಂತ ಮುಖ್ಯ, ಮೇಲಕ್ಕೂ ಕೆಳಕ್ಕೂ ಸುರಕ್ಷಿತವಾದ ದಾರಿ ಇರಬೇಕು. ಐವತ್ತು ಮೀಟರ್ ಹತ್ತಿಳಿದರೆ ಅಂಚಿನ ಜೊತೆಗೇ ನೀವೂ ಚಲಿಸಬಹುದು. ಬೆಟ್ಟ ಸುತ್ತಿ ಹೋಗುವ ರಸ್ತೆ ಇದ್ದರೆ ಇನ್ನೂ ಸುಲಭ, ಆದರೆ ತಿರುವಿನಲ್ಲಿ ವಾಹನ ನಿಲ್ಲಿಸಬೇಡಿ. ಮಂಜಿನಲ್ಲಿ ಬರುವ ಚಾಲಕನಿಗೆ ನೀವು ಕಾಣುವುದಿಲ್ಲ.

ಕೊರತೆಗಳೂ ಇವೆ. ಮಂಜಿನ ಸಮುದ್ರ ಸಿಗುವುದಿಲ್ಲ. ನೋಟ ನಿಮಿಷ ನಿಮಿಷಕ್ಕೆ ಬದಲಾಗುವುದರಿಂದ ಆರಾಮಾಗಿ ಕೂರುವ ಹಾಗಿಲ್ಲ, ಕ್ಯಾಮೆರಾ ಸದಾ ತಯಾರಿರಬೇಕು. ನಿಧಾನವಾಗಿ ಯೋಚಿಸಿ ಒಂದೇ ಫ್ರೇಮ್ ಕಟ್ಟುವವರಿಗೆ ಇದು ಕಿರಿಕಿರಿ. ಆದರೆ ಸೂರ್ಯೋದಯಕ್ಕೇ ಬಂದಿರಬೇಕೆಂಬ ಹಟ ಇಲ್ಲ. ಒಂದು ಗಂಟೆ ತಡವಾಗಿ ಬಂದರೂ ನಡೆಯುತ್ತದೆ. ಎಷ್ಟೋ ದಿನ ಆಗಲೇ ಆಟ ಶುರುವಾಗುವುದು.

ಮಂಜು ಬಾರದೆ ಹೋದರೆ ಎದುರು ಇಳಿಜಾರಿನ ಮೇಲೆ ಅಡ್ಡ ಬಿಸಿಲು ಬೀಳುವ ಹೊತ್ತು ಉಳಿದಿರುತ್ತದೆ. ತುದಿಯಷ್ಟು ಭರ್ಜರಿ ಅಲ್ಲ, ಪರವಾಗಿಲ್ಲ ಅನ್ನುವಷ್ಟು.

ಕಾಡಿನೊಳಗೆ

ತುದಿಯಲ್ಲಿ ನಿಂತವರು ಏನೂ ಕಾಣದೆ ಬೈದುಕೊಳ್ಳುವ ದಿನವೇ ಕಾಡಿನೊಳಗಿರುವವರ ಹಬ್ಬ. ಮಾಮೂಲಿ ದಿನ ಕಾಡಿನ ಫೋಟೊ ತೆಗೆಯುವುದು ತಲೆನೋವು. ಕೊಂಬೆಯ ಹಿಂದೆ ಕೊಂಬೆ, ಎಲೆಯ ನಡುವೆ ಬಿಸಿಲಿನ ಚುಕ್ಕೆ, ಎಲ್ಲಿ ನೋಡಿದರೂ ಗೋಜಲು. ದಟ್ಟ ಮಂಜು ಹಿಂದಿನ ಗೋಜಲನ್ನೆಲ್ಲ ಅಳಿಸಿಹಾಕುತ್ತದೆ. ಹತ್ತಿರದ ಮರ ಕಪ್ಪಾಗಿ, ಅದರ ಹಿಂದಿನದು ಬೂದಾಗಿ, ಇನ್ನೂ ಹಿಂದಿನದು ಗೆರೆಯಾಗಿ ಉಳಿಯುತ್ತದೆ. ಆಳ ತಾನೇ ತಾನಾಗಿ ಬರುತ್ತದೆ.

ಹೊತ್ತಿನ ಒತ್ತಡವೂ ಇಲ್ಲ. ಇಳಿಜಾರು ಹತ್ತುವ ಮಂಜು ಕಾಡನ್ನು ಹಿಡಿದ ದಿನ ಮಧ್ಯಾಹ್ನದ ತನಕ ಕೆಲಸ ಮಾಡಬಹುದು. ಮಂಜು ತೆಳುವಾಗುವ ಹೊತ್ತಿಗೆ ಬಿಸಿಲು ನುಗ್ಗಿದರೆ ಮರಗಳ ನಡುವೆ ಕಿರಣಗಳು ಇಳಿಯುತ್ತವೆ. ಸೂರ್ಯನನ್ನು ಒಂದು ಕಾಂಡದ ಹಿಂದೆ ಅಡಗಿಸಿ ನಿಂತರೆ ಕಿರಣ ಚೆನ್ನಾಗಿ ಕಾಣುತ್ತದೆ, ಬಿಳುಪೂ ಹಿಡಿತದಲ್ಲಿರುತ್ತದೆ. ಉಷ್ಣಾಂಶ ಶೂನ್ಯಕ್ಕಿಂತ ಕೆಳಗಿಳಿಯುವ ಬೆಟ್ಟಗಳಲ್ಲಿ ಇನ್ನೊಂದು ಲಾಭ ಇದೆ. ಮಂಜಿನ ಹನಿಗಳು ಕೊಂಬೆಗೆ ತಾಗಿದ ಕೂಡಲೇ ಹೆಪ್ಪುಗಟ್ಟಿ, ಗಾಳಿ ಬರುವ ದಿಕ್ಕಿಗೆ ಬಿಳಿ ಗರಿಗಳಂತೆ ಬೆಳೆಯುತ್ತವೆ.

ಮಂಜು ಕೈಕೊಟ್ಟರೆ ಮಾತ್ರ ಕಾಡು ನಾಲ್ಕರಲ್ಲೂ ಕೆಟ್ಟ ಜಾಗ. ಮತ್ತೆ ಅದೇ ಗೋಜಲು. ಬೆಳಕೂ ಕಡಿಮೆ, ಟ್ರೈಪಾಡ್ ಇಲ್ಲದೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಚುರುಕು) ಏರಿಸಬೇಕಾಗುತ್ತದೆ. ಮರಗಳು ಮಂಜನ್ನು ಹಿಡಿದು ಹನಿ ಉದುರಿಸುತ್ತವೆ, ಮಳೆಯೇ ಇಲ್ಲದ ದಿನವೂ ಕೊಡೆ ಬೇಕು. ದಾರಿ ತಪ್ಪುವ ಭಯವೂ ನಿಜವಾದದ್ದೇ. ಫೋನಿನಲ್ಲಿ ಇಂಟರ್ನೆಟ್ ಇಲ್ಲದೆಯೂ ತೆರೆಯುವ ನಕ್ಷೆ ಇಟ್ಟುಕೊಂಡು, ಹಿಂದಿನ ದಿನವೇ ಬೆಳಕಿನಲ್ಲಿ ಒಮ್ಮೆ ನಡೆದು ಮರಗಳನ್ನು ಗುರುತಿಸಿಕೊಂಡಿದ್ದರೆ ಅರ್ಧ ಕೆಲಸ ಮುಗಿದಂತೆ.

ಮಳೆ ನಿಂತ ಮೇಲೆ

ಬೆಳಗಿನ ಜಾವ ಏಳಲಾರದವರಿಗೆ, ಮಕ್ಕಳು ಮನೆಮಂದಿ ಜೊತೆ ಬಂದವರಿಗೆ, ಹತ್ತಲು ಆಗದವರಿಗೆ ಇದು ಒಳ್ಳೆಯ ಆಯ್ಕೆ. ಕಾಡಿರುವ ಇಳಿಜಾರು ಎದುರಿಗೆ ಕಾಣುವ ಯಾವುದಾದರೂ ಸೂರಿನ ಕೆಳಗೆ ಕೂತರೆ ಸಾಕು. ಉಳಿದುಕೊಂಡ ಕೋಣೆಯ ಕಿಟಕಿಯಾದರೂ ಆದೀತು. ಮಳೆ ಜೋರಾಗಿ ಬಂದು ನಿಂತ ಕೆಲವೇ ನಿಮಿಷಕ್ಕೆ ಮರಗಳ ನಡುವಿನಿಂದ ಬಿಳಿ ಎಳೆಗಳು ಏಳುತ್ತವೆ. ಹಸಿರು ಕಪ್ಪಾಗಿರುತ್ತದೆ, ಬಿಳುಪು ಎದ್ದು ಕಾಣುತ್ತದೆ.

ಇಲ್ಲಿ ಕೆಲಸ ಮಾಡುವುದು ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್. ಇಡೀ ಬೆಟ್ಟ ಹಿಡಿಯಲು ಹೋದರೆ ಎಳೆಗಳು ಎಲ್ಲೋ ಸಣ್ಣ ಚುಕ್ಕೆಯಾಗುತ್ತವೆ. ಅವಧಿ ಚಿಕ್ಕದು, ಕೆಲವು ಸಲ ಹತ್ತೇ ನಿಮಿಷ. ಯಾವಾಗ ಬರುತ್ತದೆ ಅಂತ ಹೇಳುವುದೂ ಕಷ್ಟ. ಆದರೆ ಕಾಯುವುದಕ್ಕೆ ಏನೂ ಕಷ್ಟಪಡಬೇಕಿಲ್ಲವಲ್ಲ. ಒದ್ದೆ ಎಲೆಗಳ ಹೊಳಪು ಕಣ್ಣಿಗೆ ಚುಚ್ಚಿದರೆ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸಿ, ಹಸಿರು ತುಂಬಿಕೊಳ್ಳುತ್ತದೆ. ಅದು ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಬೆಳಕು ತಿನ್ನುತ್ತದೆ ಅನ್ನುವುದು ನೆನಪಿರಲಿ.

ಡ್ರೋನ್ ಹಾರಿಸಿದರೆ ಹೇಗೆ ಅಂತ ಕೇಳುವವರಿದ್ದಾರೆ. ಮಂಜಿನ ಮೇಲಿನಿಂದ ಚಿತ್ರ ಚೆನ್ನಾಗಿಯೇ ಬರುತ್ತದೆ. ಆದರೆ ಹೆಚ್ಚಿನ ದೇಶಗಳ ನಿಯಮದಂತೆ ಡ್ರೋನ್ ಸದಾ ನಿಮ್ಮ ಕಣ್ಣಿಗೆ ಕಾಣುತ್ತಿರಬೇಕು, ಮಂಜಿನಲ್ಲಿ ಅದು ಆಗದ ಮಾತು. ಹನಿ ಮೋಟರಿಗೆ ಇಳಿಯುತ್ತದೆ, ಚಳಿಯಲ್ಲಿ ರೆಕ್ಕೆಗೆ ಮಂಜುಗಡ್ಡೆ ಕಟ್ಟುತ್ತದೆ. ಈ ಹೋಲಿಕೆಯಲ್ಲಿ ಅದನ್ನು ಸೇರಿಸಿಲ್ಲ.

ಇನ್ನು ಸಾಮಾನು

ಫೋನ್ ಸಾಕಾ? ಕಾಡಿನೊಳಗೆ ಮತ್ತು ಇಳಿಜಾರಿನ ನಡುವೆ ಖಂಡಿತ ಸಾಕು. ತುದಿಯಲ್ಲಿ ಅಷ್ಟಕ್ಕಷ್ಟೆ, ದೂರದ ಮಂಜು ಹಿಡಿಯಲು ಮೂರು ಪಟ್ಟು ಜೂಮ್ ಇರುವ ಬೇರೆ ಲೆನ್ಸ್ ಆದರೂ ಬೇಕು. ಫೋನಿನ ದೊಡ್ಡ ತೊಂದರೆ ಅದರ ಜಾಣತನ. ಮಂಜನ್ನು ಕಂಡ ಕೂಡಲೇ ಚಿತ್ರ ಮಸುಕಾಗಿದೆ ಅಂದುಕೊಂಡು ಕಪ್ಪು ಬಿಳುಪಿನ ಅಂತರ ಏರಿಸಿ, ಅಂಚು ಚೂಪು ಮಾಡಿ ಮಂಜನ್ನೇ ತೆಗೆದುಹಾಕುತ್ತದೆ. ರಾ ಫೈಲ್ (ಫೋನ್ ತಿದ್ದದ ಮೂಲ ಚಿತ್ರ) ಆಯ್ಕೆ ಇದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೆ ಎಚ್‌ಡಿಆರ್ ಆಫ್ ಮಾಡಿ, ಪರದೆಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಏರಿಸಿ.

ಬೆಳಕು ಏರಿಸುವ ಮಾತು ದೊಡ್ಡ ಕ್ಯಾಮೆರಾಕ್ಕೂ ಅನ್ವಯ. ಬಿಳಿ ತುಂಬಿದ ಫ್ರೇಮನ್ನು ಕ್ಯಾಮೆರಾದ ಬೆಳಕಿನ ಮೀಟರ್ ಬೂದು ಮಾಡಲು ನೋಡುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಶನ್ +0.7ರಿಂದ +1.3ರ ಒಳಗಿಟ್ಟು ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ತೋರಿಸುವ ಗ್ರಾಫ್) ನೋಡಿ, ಗುಡ್ಡೆ ಬಲಕ್ಕೆ ಸರಿದಿರಲಿ, ಬಲ ಅಂಚಿಗೆ ಒತ್ತಿಕೊಂಡಿರದಿರಲಿ. ಕಪ್ಪು ಮರಗಳೇ ಜಾಸ್ತಿ ಇರುವ ಕಾಡಿನಲ್ಲಿ ಇಷ್ಟು ಬೇಕಾಗುವುದಿಲ್ಲ.

ಆಟೊ ಫೋಕಸ್ ಮಂಜಿನಲ್ಲಿ ಹಿಡಿಯಲು ಏನೂ ಸಿಗದೆ ಹಿಂದೆ ಮುಂದೆ ಓಡಾಡುತ್ತದೆ. ಗಟ್ಟಿ ಅಂಚಿರುವ ಮರವನ್ನು ಹಿಡಿಸಿ ಮ್ಯಾನುವಲ್‌ಗೆ ಬದಲಿಸಿಬಿಡಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್, ಎಫ್/8 (ಲೆನ್ಸಿನ ಕಿಂಡಿಯ ಅಳತೆ) ಇದ್ದರೆ ಎರಡೂವರೆ ಮೀಟರಿಗೆ ಫೋಕಸ್ ಇಟ್ಟರೂ ದೂರದ ಬೆಟ್ಟದ ತನಕ ಸ್ಪಷ್ಟವಾಗಿರುತ್ತದೆ. 200 ಮಿ.ಮೀ.ನಲ್ಲಿ ಅದೇ ಲೆಕ್ಕ ಸುಮಾರು 170 ಮೀಟರಿಗೆ ಹೋಗುತ್ತದೆ. ಅಂದರೆ ಟೆಲಿಯಲ್ಲಿ ಹತ್ತಿರದ ಕೊಂಬೆ ಮತ್ತು ದೂರದ ಸಾಲು ಎರಡನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ.

ಲೆನ್ಸ್ ಒಂದೇ ಕೊಳ್ಳುವುದಾದರೆ? ವೈಡ್ ಲೆನ್ಸ್ ಬೆಟ್ಟಕ್ಕೆ ಸರಿ ಅನ್ನುವುದು ರೂಢಿಯ ಮಾತು. ಮಂಜಿನ ಮಟ್ಟಿಗೆ ನಾನು 70ರಿಂದ 200 ಅಥವಾ 300 ಮಿ.ಮೀ. ಜೂಮ್ ಅನ್ನೇ ಹೇಳುತ್ತೇನೆ. ಸಾಲುಗಳನ್ನು ಹತ್ತಿರ ತಂದು ಒಂದರ ಮೇಲೊಂದು ಜೋಡಿಸುವುದು, ಖಾಲಿ ಬಿಳುಪನ್ನು ಫ್ರೇಮಿನಿಂದ ಹೊರಗಿಡುವುದು ಅದರಿಂದಲೇ ಸಾಧ್ಯ. ಎಫ್/8ರಲ್ಲಿ ತೆಗೆಯುವುದರಿಂದ ದುಬಾರಿ ಎಫ್/2.8 ಬೇಕಾಗಿಲ್ಲ, ಎಫ್/4 ಅಥವಾ ಅದಕ್ಕಿಂತ ಅಗ್ಗದ್ದೇ ಸಾಕು, ಹೊರೆಯೂ ಕಡಿಮೆ. ಕಾಡೇ ನಿಮ್ಮ ಆಯ್ಕೆಯಾದರೆ ಮಾತ್ರ 35ರಿಂದ 85ರ ನಡುವೆ ಇರಿ. ಕ್ಯಾಮೆರಾ ಜೊತೆ ಬಂದ ಜೂಮ್ ಇದನ್ನು ಹೆಚ್ಚು ಕಡಿಮೆ ಪೂರೈಸುತ್ತದೆ.

ಟ್ರೈಪಾಡ್ ತುದಿಗೂ ಕಾಡಿಗೂ ಬೇಕು, ಮಳೆಯ ನಂತರದ ಮಂಜಿಗೆ ಇದ್ದರೆ ಒಳ್ಳೆಯದು, ಇಳಿಜಾರಿನ ನಡುವೆ ಎಷ್ಟೋ ಸಲ ಅಡ್ಡಿಯೇ. ಮಂಜಿನ ಆಕಾರ ಉಳಿಯಬೇಕಾದರೆ 1/125 ಸೆಕೆಂಡು ಸಾಕು. ಹರಿಯುವ ಹಾಗೆ ಕಾಣಬೇಕಾದರೆ ಅರ್ಧ ನಿಮಿಷದ ಎಕ್ಸ್‌ಪೋಷರ್ ಬೇಕು, ಅದಕ್ಕೆ ಬೆಳಕು ತಗ್ಗಿಸುವ 10 ಸ್ಟಾಪ್ ಎನ್‌ಡಿ ಫಿಲ್ಟರ್. 1/30 ಸೆಕೆಂಡು ಇದ್ದದ್ದು ಅದರಿಂದ ಸುಮಾರು 30 ಸೆಕೆಂಡು ಆಗುತ್ತದೆ. ವೇಗವಾಗಿ ಹರಿಯುವ ಮಂಜಿಗೆ ಅರ್ಧ ನಿಮಿಷ ಕೊಟ್ಟರೆ ಬರೀ ಮಬ್ಬು ಉಳಿಯುತ್ತದೆ, ಅಲ್ಲಿ ಒಂದೆರಡು ಸೆಕೆಂಡು ಸಾಕು. ಹೊಸಬರು ಫಿಲ್ಟರಿಗೆ ದುಡ್ಡು ಹಾಕುವ ಆತುರ ಬೇಡ.

ದುಡ್ಡು ಕಡಿಮೆ ಇದ್ದರೆ ನನ್ನ ಕ್ರಮ ಹೀಗೆ: ಮೊದಲು ಬೆಚ್ಚನೆ ಬಟ್ಟೆ ಮತ್ತು ತಲೆಗೆ ಕಟ್ಟುವ ಟಾರ್ಚು. ಆಮೇಲೆ ಗಟ್ಟಿಮುಟ್ಟಾದ ಟ್ರೈಪಾಡ್. ಟೆಲಿ ಜೂಮ್ ಮೂರನೆಯದು, ಹಳೆಯದನ್ನು ಕೊಂಡರೂ ನಡೆಯುತ್ತದೆ. ಕ್ಯಾಮೆರಾ ಬದಲಿಸುವ ಯೋಚನೆ ಕೊನೆಗೆ. ಚಳಿಗೆ ನಡುಗುತ್ತಿರುವವರು ಮಂಜು ಬರುವ ಹತ್ತು ನಿಮಿಷ ಮೊದಲೇ ಎದ್ದು ಹೋಗಿಬಿಡುತ್ತಾರೆ. ಅವರ ಕೈಯಲ್ಲಿ ಎಂಥ ಕ್ಯಾಮೆರಾ ಇದ್ದರೇನು?

ಇದಲ್ಲದೆ ಕಾಯುವಾಗ ಕಾಡುವ ಸಣ್ಣ ಸಂಗತಿಗಳಿವೆ. ತೆರೆದ ಆಕಾಶದ ಕೆಳಗೆ ಲೆನ್ಸಿನ ಗಾಜು ತಣ್ಣಗಾಗಿ ಅದರ ಮೇಲೂ ಇಬ್ಬನಿ ಕೂರುತ್ತದೆ. ಹುಡ್ ಹಾಕಿ, ಕಾಯುವಾಗ ಲೆನ್ಸನ್ನು ಕೆಳಮುಖ ಮಾಡಿ, ಒಂದಕ್ಕಿಂತ ಹೆಚ್ಚು ಒಣ ಬಟ್ಟೆ ಇಟ್ಟುಕೊಳ್ಳಿ. ಪವರ್ ಬ್ಯಾಂಕಿನಿಂದ ನಡೆಯುವ ಲೆನ್ಸ್ ಹೀಟರ್ ಪಟ್ಟಿಯೂ ಸಿಗುತ್ತದೆ, ತುದಿಯಲ್ಲಿ ಗಂಟೆಗಟ್ಟಲೆ ಕಾಯುವವರಿಗೆ ಅದು ಬೇಕು. ಹೆಚ್ಚುವರಿ ಬ್ಯಾಟರಿ ಒಳಜೇಬಿನಲ್ಲಿರಲಿ, ಚಳಿಯಲ್ಲಿ ಬೇಗ ಬಸವಳಿಯುತ್ತದೆ. ವಾಪಸ್ ಬೆಚ್ಚಗಿನ ಕೋಣೆಗೆ ಬರುವ ಮೊದಲು ಕ್ಯಾಮೆರಾವನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ಮುಚ್ಚಿ. ಹನಿ ಚೀಲದ ಹೊರಗೆ ಕಟ್ಟುತ್ತದೆ, ಕ್ಯಾಮೆರಾದ ಮೇಲಲ್ಲ. ಮಂಜಿನಲ್ಲಿ ನಡೆಯುವಾಗ ಟಾರ್ಚನ್ನು ತಲೆಯಿಂದ ತೆಗೆದು ಸೊಂಟದ ಮಟ್ಟದಲ್ಲಿ ಹಿಡಿಯಿರಿ. ತಲೆಯ ಮೇಲಿದ್ದರೆ ಬೆಳಕು ಕಣ್ಣಿಗೇ ವಾಪಸ್ ಬಡಿಯುತ್ತದೆ.

ಹಾಗಾದರೆ ನಿಮಗೆ ಯಾವುದು?

ವರ್ಷಕ್ಕೊಮ್ಮೆ ಬಿಡುವು ಸಿಕ್ಕಿ ಒಂದೇ ಬೆಳಗು ಕೈಯಲ್ಲಿದ್ದರೆ ಇಳಿಜಾರಿನ ನಡುವಿಗೆ ಹೋಗಿ. ಯಾವ ಮಂಜು ಬಂದರೂ ಏನಾದರೂ ಸಿಗುತ್ತದೆ. ಬೆಟ್ಟದ ಹತ್ತಿರವೇ ಇದ್ದು ಬೇಕೆಂದಾಗ ಹೋಗಬಲ್ಲಿರಾದರೆ ತುದಿಗಾಗಿ ದಿನ ನೋಡಿ ಕಾಯಿರಿ: ಹಿಂದಿನ ದಿನ ಮಳೆ, ರಾತ್ರಿ ನಕ್ಷತ್ರ ಕಾಣುವ ಆಕಾಶ, ತೀರಾ ಕಡಿಮೆ ಗಾಳಿ. ಮೂರೂ ಸೇರದಿದ್ದರೆ ಮಲಗಿ. ಮುನ್ಸೂಚನೆಯಲ್ಲಿ ಕೆಳಮಟ್ಟದ ಮೋಡ ಮತ್ತು ಗಾಳಿ ಎರಡೂ ಇದ್ದರೆ ತುದಿಯ ಆಸೆ ಬಿಟ್ಟು ಕಾಡಿಗೆ ಇಳಿಯಿರಿ. ಫೋನ್ ಮಾತ್ರ ಇದ್ದವರಿಗೂ ನನ್ನ ಮೊದಲ ಸಲಹೆ ಕಾಡೇ. ಮಂಡಿನೋವು, ಮಕ್ಕಳು, ಮಳೆಗಾಲ, ಇವುಗಳಲ್ಲಿ ಯಾವುದಾದರೂ ಇದ್ದರೆ ಸೂರಿನ ಕೆಳಗೆ ಟೆಲಿ ಲೆನ್ಸ್ ಹಿಡಿದು ಕೂರಿ. ಎರಡು ಬೆಳಗು ಇದ್ದವರು ಒಂದನ್ನು ನಡು ಇಳಿಜಾರಿಗೆ ಕೊಟ್ಟು, ಅಲ್ಲಿಂದ ಮಂಜಿನ ಎತ್ತರ ನೋಡಿಕೊಂಡು ಮರುದಿನದ ಜಾಗ ಆರಿಸಬಹುದು.

ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನೂ ಮೊದಲೇ ತೀರ್ಮಾನಿಸಿಕೊಂಡು ಹೋಗಿ. ಕಣಿವೆಯ ಮಂಜಾದರೆ ಸೂರ್ಯ ಹುಟ್ಟಿ ಎರಡು ಗಂಟೆ. ಅಷ್ಟರಲ್ಲಿ ಕಣಿವೆ ಬರಿದಾಗಿಯೇ ಇದ್ದರೆ ಆ ದಿನ ಇನ್ನು ಬರುವುದಿಲ್ಲ, ಇಳಿಯಬಹುದು. ಬಿಳಿ ಗೋಡೆಯೊಳಗೆ ಸಿಕ್ಕಿಕೊಂಡಿದ್ದರೆ ಆಗಾಗ ತಲೆ ಎತ್ತಿ ನೋಡಿ. ಮೇಲೆ ನೀಲಿ ಸುಳಿದರೆ ಮಂಜು ತೆಳುವಾಗುತ್ತಿದೆ, ಇನ್ನರ್ಧ ಗಂಟೆ ನಿಲ್ಲಿ. ಬೂದು ಹಾಗೇ ಇದ್ದು ಗಾಳಿ ಜೋರಾಗುತ್ತಿದ್ದರೆ ಅದು ತೆರೆಯುವ ಲಕ್ಷಣ ಅಲ್ಲ. ಬೆಳಕಿರುವಾಗಲೇ, ದಾರಿ ಕಾಣುವಾಗಲೇ ಕೆಳಗಿಳಿಯಿರಿ, ದಾರಿಯಲ್ಲಿ ಕಾಡು ಸಿಕ್ಕರೆ ಅಲ್ಲೇ ಕ್ಯಾಮೆರಾ ತೆಗೆಯಿರಿ.